ಮಲ್ಲಿಗೆ ಮನೆಯ ಬಾಯಮ್ಮ

ಬಾಯಮ್ಮನವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವರ್ಷಗಟ್ಟಲೆ ಮಲ್ಲಿಗೆ ಮೊಗ್ಗನ್ನು ತೊಟ್ಟಿನ ಬುಡದಲ್ಲಿ ಚಿವುಟಿ ಚಿವುಟಿ ಆದ ಸೀಳು ಅದು. ಎಷ್ಟು ತಿಕ್ಕಿ ತೊಳೆದರೂ ಅದರೊಳಗಿನ ಹಸಿರು ಹೋಗುತ್ತಿರಲಿಲ್ಲ. ಕೈ ಹತ್ತಿರ ಬಂದರೆ ಮೊದಲು ಮಲ್ಲಿಗೆಯ ಪರಿಮಳ, ಅದರ ಬೆನ್ನಿಗೇ ಕರಿಬೇವಿನ ಘಾಟು. ನಾನು ಅವರನ್ನು ಕಂಡಾಗ ಮೊದಲು ಕಣ್ಣಿಗೆ ಬಿದ್ದದ್ದೇ ಆ ಕೈ. ಸಾಂಟಾ ಕ್ಲಾರಾದ ಎಲ್ ಕಮಿನೊ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಬೆಳಗ್ಗೆ ಹಿಂಬಾಗಿಲು ತಟ್ಟಿದ ಸದ್ದಾಗಿ ತೆರೆದರೆ ಒದ್ದೆ ಬಟ್ಟೆ ಸುತ್ತಿದ ದೊಡ್ಡ ಬುಟ್ಟಿ, ಅದನ್ನು ತಬ್ಬಿಕೊಂಡ ಕೈ, ಮುಖ ಬುಟ್ಟಿಯ ಹಿಂದೆ ಎಲ್ಲೋ.

“ಹಿಡ್ಕೊಳ್ಳಿ ಮಾರಾಯ್ತಿ, ಎಂತ ನೋಡ್ತಾ ನಿಂತದ್ದು? ಬಿಸಿಲು ತಾಗಿ ಮೊಗ್ಗು ಬಿರಿದ್ರೆ ನಿಮ್ಮ ಸಾಹುಕಾರ್ರು ನನಗೆ ಬೈತಾರೆ.”

ನಾನು ದಾವಣಗೆರೆಯವಳು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡಿಕೊಂಡು ಕೂರಲಾರದೆ ಆ ಅಂಗಡಿಯ ಕೌಂಟರಿಗೆ ಸೇರಿದ್ದೆ. ‘ಮಾರಾಯ್ತಿ’ ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಅಂದಿರಲಿಲ್ಲ. ಬೈದರೋ, ಅಕ್ಕರೆ ತೋರಿಸಿದರೋ ತಿಳಿಯದೆ ಬುಟ್ಟಿ ಇಸಿದುಕೊಂಡೆ. ಆಮೇಲೆ ಗೊತ್ತಾಯಿತು, ಅವರಲ್ಲಿ ಎರಡೂ ಒಂದೇ.

ಉಡುಪಿ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುತ್ತಾರಂತೆ. ಅಂಗಡಿಗೆ ಬರುವ ತುಳು ಮಂದಿ ಹಾಗೆ ಕರೆಯುತ್ತಿದ್ದರು, ಕೇಳಿ ಕೇಳಿ ನಾವೂ ಹಾಗೇ ಕರೆದೆವು. ಹುಬ್ಬಳ್ಳಿಯವರಾದ ನಮ್ಮ ಸಾಹುಕಾರರು ಮಾತ್ರ ಶಾಲೆಯ ಟೀಚರನ್ನು ಕರೆದ ಹಾಗೆ ‘ಬಾಯಾರ’ ಎನ್ನುತ್ತಿದ್ದರು. ಅವರಿಗೆ ಬಾಯಮ್ಮನವರನ್ನು ಕಂಡರೆ ಸ್ವಲ್ಪ ಭಯವೂ ಇತ್ತು. ಒಮ್ಮೆ ಮಲ್ಲಿಗೆಯನ್ನು ಫ್ರಿಜ್ಜಿನಲ್ಲಿ ಈರುಳ್ಳಿ ಪಕ್ಕ ಇಟ್ಟದ್ದಕ್ಕೆ ಗಿರಾಕಿಗಳ ಎದುರಿಗೇ ಬೈಸಿಕೊಂಡಿದ್ದರು.

ಬಾಯಮ್ಮನವರ ಹಸಿರುಮನೆ ಇದ್ದದ್ದು ಸ್ಯಾನ್ ಹೋಸೆ ದಾಟಿ ದಕ್ಷಿಣಕ್ಕೆ, ಫ್ರೀವೇ ಬಿಟ್ಟು ಚೆರ್ರಿ ತೋಟಗಳ ನಡುವೆ ಹೋಗುವ ದಾರಿಯಲ್ಲಿ. ಸೇವಂತಿಗೆ ಬೆಳೆಯುತ್ತಿದ್ದ ಒಬ್ಬ ಮುದುಕನಿಂದ ಅವರೂ ಅವರ ಗಂಡನೂ ಕೊಂಡದ್ದಂತೆ. ಗಂಡ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ಎಮರಿವಿಲ್ಲಿನ ಕಾರ್ಟೂನ್ ಸಿನಿಮಾ ಕಂಪನಿಯಲ್ಲಿ ಕೆಲಸ. ಅಮ್ಮ ಕೊಂಕಣಿಯಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಹೇಳುವ ಒಳ್ಳೆಯ ಹುಡುಗ. ಹಸಿರುಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಇತ್ತು. ಒಂದು ಅರ್ಧದಲ್ಲಿ ಕುಂಡದ ಕರಿಬೇವು, ಇನ್ನೊಂದು ಅರ್ಧದಲ್ಲಿ ಮಲ್ಲಿಗೆ, ನಡುವೆ ದಪ್ಪ ಪ್ಲಾಸ್ಟಿಕ್ಕಿನ ಪರದೆ. ಮಲ್ಲಿಗೆ ಇದ್ದ ಭಾಗವನ್ನು ಅವರು ‘ಮಲ್ಲಿಗೆ ಮನೆ’ ಎನ್ನುತ್ತಿದ್ದರು. ಊರಿನ ಮಲ್ಲಿಗೆಯಷ್ಟು ಪರಿಮಳ ಇದಕ್ಕಿಲ್ಲ ಎಂದು ಯಾರಾದರೂ ಹೇಳುವ ಮೊದಲು ತಾವೇ ಹೇಳಿಬಿಡುತ್ತಿದ್ದರು.

ಕರಿಬೇವಿಗೆ ಮದ್ದು ಹೊಡೆಯಲೇಬೇಕಿತ್ತು. ಆ ಗಿಡದಲ್ಲಿ ಕೂರುವ ಒಂದು ಸಣ್ಣ ಹುಳ ಇಲ್ಲಿನ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹಚ್ಚುತ್ತದಂತೆ. ಹಾಗಾಗಿ ಮದ್ದು ಹೊಡೆಸದೆ ಗಿಡ ಮಾರುವಂತಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಂತೆಯೂ ಇಲ್ಲ. ಸರ್ಕಾರದ ಕಟ್ಟಾಜ್ಞೆ. ಲೈಸೆನ್ಸ್ ಇರುವ ಒಬ್ಬ ಬಂದು ಮೈತುಂಬ ಕವಚ ಹಾಕಿಕೊಂಡು ಹೊಡೆದು ಹೋಗುತ್ತಿದ್ದ. ಬಾಗಿಲಿಗೆ ತಲೆಬುರುಡೆ ಚಿತ್ರದ ಬೋರ್ಡು ತೂಗುತ್ತಿತ್ತು. ಮಲ್ಲಿಗೆಗೆ ಮಾತ್ರ ಬಾಯಮ್ಮ ಒಂದು ಹನಿ ತಾಗಿಸಿದವರಲ್ಲ.

“ದೇವರಿಗೆ ಹೋಗುವ ಹೂವು ಅದು. ಮದ್ದು ಹೊಡೆದ್ರೆ ದೇವರು ಸೀನ್ಲಿಕ್ಕಿಲ್ವಾ?” ಎಂದು ಕೇಳುತ್ತಿದ್ದರು. ಯಾವ ದೇವರು ಎಂದು ನಾನು ಚುಡಾಯಿಸಿದರೆ, “ಮೂಗಿದ್ದ ದೇವರು” ಎನ್ನುತ್ತಿದ್ದರು.

ಅವರ ಬಳಿ ಕೆಲಸಕ್ಕಿದ್ದವಳು ಲೂಪೆ. ಮೆಕ್ಸಿಕೋದ ಒವಾಹಾಕಾ ಕಡೆಯವಳು, ಗಿಡ್ಡ ಆಳು, ಮಾತು ಕಡಿಮೆ, ನಗು ಜಾಸ್ತಿ. ಅವರಿಬ್ಬರ ಮಾತುಕತೆ ಕೇಳಿದರೆ ನನಗೆ ಬೆರಗಾಗುತ್ತಿತ್ತು. ಬಾಯಮ್ಮನವರ ಕೊಂಕಣಿಯಲ್ಲಿ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳು ರಾಶಿ ಇದ್ದವು, ಲೂಪೆಯ ಸ್ಪ್ಯಾನಿಷಿನಲ್ಲಿ ಅವುಗಳದೇ ಅಕ್ಕತಂಗಿಯರು. ಮೇಜು, ಸಾಬೂನು, ಚರ್ಚಿಗೆ ಇಗರ್ಜಿ ಎಂದರೆ ಅವಳಿಗೆ ತಿಳಿಯುತ್ತಿತ್ತು. ಉಳಿದದ್ದಕ್ಕೆ ಕೈಸನ್ನೆ. ಸಂಜೆ ಇಬ್ಬರೂ ಹೂ ಕಟ್ಟುತ್ತಾ ಜಪಮಾಲೆ ಹೇಳುವರು. ಒಬ್ಬರದು ಕೊಂಕಣಿಯಲ್ಲಿ, ಇನ್ನೊಬ್ಬಳದು ಸ್ಪ್ಯಾನಿಷಿನಲ್ಲಿ, ಆಮೆನ್ ಮಾತ್ರ ಒಟ್ಟಿಗೆ.

ಆಳಿಟ್ಟುಕೊಂಡವರು ವರ್ಷಕ್ಕೊಮ್ಮೆ ಆಳುಗಳಿಗೆ ಮದ್ದಿನ ವಿಚಾರ ಅವರಿಗೆ ತಿಳಿಯುವ ಭಾಷೆಯಲ್ಲಿ ಕಲಿಸಬೇಕು ಎಂದು ಕಾನೂನಿದೆ. ಬೇರೆ ಕಡೆ ಒಂದು ವಿಡಿಯೋ ಹಾಕಿ ಕೈತೊಳೆದುಕೊಳ್ಳುತ್ತಾರಂತೆ. ಬಾಯಮ್ಮ ತಾವೇ ಅದಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಕಲಿತು, ಪರೀಕ್ಷೆ ಕೊಟ್ಟು, ಕಲಿಸುವ ಅಧಿಕಾರ ಪಡೆದಿದ್ದರು. ಹಿಂದೆ ಕರಿಬೇವಿನ ಗಿಡ ತರಲು ಹೋದಾಗ ಒಮ್ಮೆ ನಾನು ಆ ಪಾಠ ನೋಡಿದೆ. ಬಾಯಮ್ಮನವರ ಚಿಕ್ಕಂದಿನಲ್ಲಿ ಇಗರ್ಜಿಯಲ್ಲಿ ಪಾದ್ರಿಗಳು ಪ್ರಶ್ನೆ ಕೇಳಿ, ಮಕ್ಕಳು ರಾಗವಾಗಿ ಉತ್ತರ ಹೇಳುತ್ತಿದ್ದರಂತೆ, ಆ ಧರ್ಮಪಾಠದ ಧಾಟಿ. ಅಂಥ ಪಾಠ ಲೂಪೆಯೂ ಅವಳ ಊರಿನಲ್ಲಿ ಕಲಿತಿದ್ದಳು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈಕಟ್ಟಿ ಕೂತು ಉತ್ತರ ಕೊಡುತ್ತಿದ್ದಳು.

“ಬಾಗಿಲಲ್ಲಿ ಬೋರ್ಡು ಇದ್ರೆ?”

“ಒಳಗೆ ಕಾಲಿಡುವುದಿಲ್ಲ.”

“ಕಣ್ಣು ಉರಿದ್ರೆ, ತಲೆ ಸುತ್ತಿದ್ರೆ?”

“ಭಾಯ್ರ್.” ಅದು ಕೊಂಕಣಿ. ಹೊರಗೆ ಎಂದರ್ಥ. ಅದೊಂದು ಮಾತನ್ನು ಬಾಯಮ್ಮ ಅವಳಿಗೆ ಕೊಂಕಣಿಯಲ್ಲೇ ಕಲಿಸಿದ್ದರು, ಗಂಟಲು ಕಟ್ಟಿದಾಗಲೂ ಹೇಳಬಹುದಾದಷ್ಟು ಚಿಕ್ಕ ಮಾತು ಎಂದು.

“ಆಮೇಲೆ ಯಾರಿಗೆ ಹೇಳುವುದು?”

“ನಿಮಗೆ.”

“ನಾನು ಬಾಯಿ ಮುಚ್ಚಿಕೊಂಡಿರು ಹೇಳಿದ್ರೆ?”

ಇಲ್ಲಿ ಲೂಪೆ ನಕ್ಕುಬಿಟ್ಟಳು. ಬಾಯಮ್ಮ ನಗಲಿಲ್ಲ. “ಡಾಕ್ಟರಿಗೆ ಹೇಳುವುದು. ಮದ್ದಿನಿಂದಲೇ ಆದದ್ದು ಅಂತ ಡಾಕ್ಟರಿಗೆ ಖಾತ್ರಿ ಇರ್ಬೇಕು ಅಂತಿಲ್ಲ, ಸಂಶಯ ಸಾಕು. ಅವರು ಬರೀಬೇಕು, ಒಂದು ದಿವಸದ ಒಳಗೆ ಕೌಂಟಿಯ ಆಫೀಸಿಗೆ ಫೋನು ಮಾಡ್ಬೇಕು. ಆಸ್ಪತ್ರೆ ಖರ್ಚು, ರಜೆಯ ಸಂಬಳ ನನ್ನ ಇನ್ಶೂರೆನ್ಸಿನವರು ಕೊಡ್ಬೇಕು. ನಿನ್ನ ಹತ್ರ ಕಾಗದ ಉಂಟಾ ಇಲ್ವಾ ಅಂತ ಯಾರೂ ಕೇಳುವ ಹಾಗಿಲ್ಲ.” ಕೌಂಟಿ ಎಂದರೆ ಇಲ್ಲಿಯ ಜಿಲ್ಲಾಡಳಿತ. ಲೂಪೆ ತಲೆಯಾಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ಅವಳ ಮನೆಯಲ್ಲಿ ಈ ದೇಶದಲ್ಲಿರಲು ಕಾಗದಪತ್ರ ಇಲ್ಲದ ತಂಗಿಯ ಗಂಡ ಇದ್ದ. ಸರ್ಕಾರದ ಯಾವ ಪುಸ್ತಕದಲ್ಲೂ ತನ್ನ ಮನೆಯ ವಿಳಾಸ ಬರದಿರಲಿ ಎನ್ನುವುದೇ ಅವಳ ದೊಡ್ಡ ಪ್ರಾರ್ಥನೆ ಎಂದು ಬಾಯಮ್ಮ ನನಗೆ ಆಮೇಲೆ ಹೇಳಿದರು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಬಿಸಿಲು ವಿಪರೀತ. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಮಲ್ಲಿಗೆಗೆ ಎಷ್ಟು ಬೇಡಿಕೆ ಇತ್ತೆಂದರೆ, ಬಾಯಮ್ಮನವರ ಪಿಕಪ್ಪು ಸಾಲದೆಂದು ಸಾಹುಕಾರರು ನನ್ನನ್ನೇ ವ್ಯಾನು ಕೊಟ್ಟು ಕಳಿಸಿದರು. ನಾನು ತಲುಪುವಾಗ ಬಿಸಿಲು ಇನ್ನೂ ಏರಿರಲಿಲ್ಲ. ಬಾಯಮ್ಮನೂ ಲೂಪೆಯೂ ಮಲ್ಲಿಗೆ ಮನೆಯೊಳಗೆ ಹೂ ಬಿಡಿಸುತ್ತಿದ್ದರು. ಹಿಂದಿನ ಸಂಜೆ ಕರಿಬೇವಿಗೆ ಮದ್ದು ಹೊಡೆದಾಗಿತ್ತು. ಅದರ ಬಾಗಿಲಲ್ಲಿ ತಲೆಬುರುಡೆಯ ಬೋರ್ಡು ತೂಗುತ್ತಿತ್ತು. ಮಲ್ಲಿಗೆ ಮನೆಯ ಬಾಗಿಲಲ್ಲಿ ಎಂದಿನಂತೆ ಏನೂ ಇರಲಿಲ್ಲ. ಅಲ್ಲಿ ಯಾವತ್ತೂ ಇರುತ್ತಿರಲಿಲ್ಲ.

ಮಲ್ಲಿಗೆಯ ವ್ಯಾಪಾರ ಗೊತ್ತಿದ್ದವರಿಗೆ ಇದು ತಿಳಿದಿರುತ್ತದೆ. ಮೊಗ್ಗು ಗಿಡದಲ್ಲಿ ಬಿರಿಯಬಾರದು, ಬುಟ್ಟಿಯಲ್ಲೂ ಬಿರಿಯಬಾರದು, ಕೊಂಡವರ ಮನೆಯಲ್ಲಿ ಬಿರಿಯಬೇಕು. ಸೆಕೆ ಆದರೆ ಅದು ಕೇಳುವುದಿಲ್ಲ. ಅದಕ್ಕೆ ಬಾಯಮ್ಮ ಅಂದು ಪಕ್ಕದ ಕಿಟಕಿಗಳನ್ನೆಲ್ಲ ಮುಚ್ಚಿ, ಮಲ್ಲಿಗೆ ಮನೆಯ ಕೊನೆಯ ಗೋಡೆಯ ದೊಡ್ಡ ಫ್ಯಾನು ಹಾಕಿದ್ದರು. ಆ ಫ್ಯಾನು ಎಳೆಯುವ ತಂಪು ಗಾಳಿ ಬರುವುದು ಹಸಿರುಮನೆಯ ಇನ್ನೊಂದು ತುದಿಯಿಂದ, ನೀರು ಇಳಿಯುವ ಒದ್ದೆ ಗೋಡೆಯ ಮೂಲಕ. ಆ ತುದಿ ಕರಿಬೇವಿನದು.

ಲೂಪೆ ಪರದೆಯ ಪಕ್ಕದ ಸಾಲಿನಲ್ಲಿದ್ದಳು. ನಾನು ಮೊದಲ ಬುಟ್ಟಿಗಳನ್ನು ವ್ಯಾನಿಗೆ ಏರಿಸಿ ತಿರುಗುವಾಗ ಅವಳು ಹೊರಗೆ ಬಂದು ನಲ್ಲಿಯ ಹತ್ತಿರ ಕುಕ್ಕರಿಸಿದಳು. ಕಣ್ಣಿಂದ ಮೂಗಿಂದ ನೀರು, ಕೆಮ್ಮು, ಕೆನ್ನೆಗೆ ಬೆಂಕಿ ಬಿದ್ದ ಹಾಗೆ ಉಜ್ಜಿಕೊಳ್ಳುತ್ತಿದ್ದಳು. ಹಿಂದೆಯೇ ವಾಂತಿ. ನಾನು ಸೆಕೆಗೆ ಅಂದುಕೊಂಡು ನೀರಿನ ಬಾಟಲಿ ಹಿಡಿದು ಓಡಿದೆ. ಬಾಯಮ್ಮ ಬಾಗಿಲಿಗೆ ಬಂದು ಅವಳನ್ನು ನೋಡಿದರು, ತಿರುಗಿ ಒಳಗೆ ನೋಡಿದರು. ನಡುವಿನ ಪ್ಲಾಸ್ಟಿಕ್ ಪರದೆ ದೋಣಿಯ ಹಾಯಿಯಂತೆ ಮಲ್ಲಿಗೆಯ ಕಡೆಗೆ ಉಬ್ಬಿತ್ತು, ಅದರ ಅಂಚುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಕರಿಬೇವಿನ ಮದ್ದಿನ ಗಾಳಿ ಈ ಕಡೆಗೇ ಬರುತ್ತಿತ್ತು.

ಓಡಿ ಹೋಗಿ ಫ್ಯಾನು ಆರಿಸಿದರು. ಆಮೇಲೆ ಅವರಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಲೂಪೆಯನ್ನು ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ಎಳೆದುಕೊಂಡು ಹೋಗಿ ಬಟ್ಟೆ ಬಿಚ್ಚಿಸಿ, ಸಾಬೂನು ಹಾಕಿ ತಲೆಯಿಂದ ಕಾಲಿನವರೆಗೆ ತೊಳೆದರು. ಬಿಚ್ಚಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿದರು. ಬೇರೇನೂ ಕೈಗೆ ಸಿಗದೆ ತಮ್ಮ ದೊಡ್ಡ ಹೂವಿನ ನೈಟಿಯನ್ನೇ ಅವಳಿಗೆ ತೊಡಿಸಿದರು. ಗಿಡ್ಡ ಲೂಪೆಗೆ ಅದು ನೆಲ ಗುಡಿಸುತ್ತಿತ್ತು. ಅವಳನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ, ನನ್ನ ಕಡೆ ತಿರುಗಿ ಹೇಳಿದರು:

“ಹೂವು ಇಳಿಸು.”

“ಬಾಯಮ್ಮಾ, ನಾಳೆ ಹಬ್ಬ. ಅಲ್ಲಿ ಜನ ಕಾಯ್ತಿದಾರೆ.”

“ಅದೇ ಗಾಳಿಯಲ್ಲಿ ಇತ್ತು ಅದೂ. ಇಳಿಸು ಹೇಳಿದೆನಲ್ಲ.”

ಇಳಿಸಿದೆ. ಬಿಗಿದ ಬಿಳಿ ಮೊಗ್ಗುಗಳು, ಒಂದೂ ಬಿರಿದಿರಲಿಲ್ಲ. ಅಷ್ಟು ಚಂದದ ಬೆಳೆ ಆ ವರ್ಷವೆಲ್ಲ ಬಂದಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಎಳೆಯ ಪ್ರಾಯದ ಡಾಕ್ಟರು, ಒಳ್ಳೆಯ ಹುಡುಗನೇ. ಏನಾಯಿತು ಎಂದು ಕೇಳಿದ. ಬಾಯಮ್ಮ ಬಾಯಿ ತೆರೆಯುವ ಮೊದಲೇ ಲೂಪೆ, “ಕಲೋರ್,” ಎಂದಳು. ಸೆಕೆ. ಮತ್ತೆ ಇನ್ನೊಮ್ಮೆ, ಈಗ ಬಾಯಮ್ಮನವರನ್ನೇ ನೋಡುತ್ತಾ, “ಸೆಕೆ ಅಷ್ಟೇ.” ಅವಳ ಕಣ್ಣು ಕೇಳಿಕೊಳ್ಳುತ್ತಿದ್ದುದು ನನಗೇ ಅರ್ಥವಾಯಿತು, ಬಾಯಮ್ಮನವರಿಗೆ ಅರ್ಥವಾಗದೆ ಇದ್ದೀತೇ. ಅವಳ ಕೈ ಇವರ ಕೈಯಲ್ಲಿತ್ತು.

ಸುಮ್ಮನಿದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಹಸಿರುಮನೆ ಮೊದಲಿನ ಹಾಗೇ ಉಳಿಯುತ್ತಿತ್ತು, ಲೂಪೆಯ ವಿಳಾಸ ಯಾವ ಆಫೀಸಿಗೂ ಹೋಗುತ್ತಿರಲಿಲ್ಲ, ನಮ್ಮ ಅಂಗಡಿಯ ಹೆಸರೂ ಕೆಡುತ್ತಿರಲಿಲ್ಲ. ಇಬ್ಬರಿಗೂ ಬೇಕಾದದ್ದು ಅದೇ ಮೌನ. ನಾನು ಬಾಯಮ್ಮ ಸುಮ್ಮನಿರಲಿ ಎಂದೇ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

“ಸೆಕೆ ಅಲ್ಲ ಡಾಕ್ಟ್ರೇ,” ಎಂದರು ಬಾಯಮ್ಮ. “ಸ್ಪ್ರೇ. ನನ್ನ ಗ್ರೀನ್‌ಹೌಸು. ನಾನೇ ಫ್ಯಾನು ಹಾಕಿದ್ದು. ಬರೆಯಿರಿ.”

ಡಾಕ್ಟರು ಪೆನ್ನು ಕೆಳಗಿಟ್ಟ. “ನೀವು ಓನರಾ? ನಿಮಗೆ ಖಾತ್ರಿ ಇದೆಯಾ? ಇದನ್ನು ಬರೆದರೆ ನಾನು ಕೌಂಟಿಗೆ ಫೋನ್ ಮಾಡಬೇಕಾಗುತ್ತದೆ.”

“ಖಾತ್ರಿ ಬೇಡ, ಸಂಶಯ ಸಾಕು. ನನಗೆ ಗೊತ್ತುಂಟು. ಅದಕ್ಕೇ ಹೇಳಿದ್ದು, ಬರೆಯಿರಿ.”

ಲೂಪೆ ತನ್ನ ಕೈಯನ್ನು ಎಳೆದುಕೊಂಡಳು. ಜೋರಾಗಿ ಏನೂ ಅಲ್ಲ, ಒಂದೊಂದೇ ಬೆರಳು ಬಿಡಿಸಿ ಎಳೆದುಕೊಂಡಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು, ಆ ದೊಡ್ಡ ನೈಟಿಯೊಳಗೆ. ಅವಳು ಬಾಯಮ್ಮನವರ ಜೊತೆ ಮತ್ತೆ ಮಾತಾಡಲಿಲ್ಲ.

ಸಂಜೆ ಅಂಗಡಿಯಲ್ಲಿ ನನ್ನ ಪಾಡು ಯಾರಿಗೂ ಬೇಡ. “ಆಂಟಿ, ಒಳಗೆ ಸ್ವಲ್ಪಾನಾದ್ರೂ ಇಟ್ಟಿರ್ತೀರ, ನೋಡಿ ಪ್ಲೀಸ್,” ಎಂದು ಒಬ್ಬಳು. “ಕಲಶಕ್ಕೆ ಪ್ಲಾಸ್ಟಿಕ್ ಹೂ ಇಡ್ಬೇಕಾ ಹಾಗಾದ್ರೆ?” ಎಂದು ಇನ್ನೊಬ್ಬಳು, ನಾನೇ ಅವಳ ಲಕ್ಷ್ಮಿಯನ್ನು ಓಡಿಸಿದ ಹಾಗೆ. ನಿಜ ಸಂಗತಿ ನಾಲ್ಕೇ ದಿನದಲ್ಲಿ ಊರೆಲ್ಲ ಆಯಿತು. ಆಗ ಬುದ್ಧಿ ಹೇಳುವವರ ಸಾಲು ಶುರುವಾಯಿತು. “ಕ್ಯಾಶ್ ಕೊಟ್ಟು ಅಲ್ಲೇ ಸೆಟಲ್ ಮಾಡ್ಕೊಬೇಕಿತ್ತು. ಇಷ್ಟು ವರ್ಷ ಇಲ್ಲಿದ್ದು ಅಷ್ಟೂ ಗೊತ್ತಾಗ್ಲಿಲ್ವಾ?” ಎಂದು ಒಬ್ಬ ಇಂಜಿನಿಯರು ಕೊತ್ತಂಬರಿ ಕಟ್ಟು ಮೂಸುತ್ತಾ ಹೇಳಿದ. ಎಲೆಗೆ ಏನು ಹೊಡೆದಿದ್ದಾರೆ ಎಂದು ವಿಚಾರಿಸುವುದಕ್ಕೆ ಬಂದವನು, ಹೊಡೆದದ್ದನ್ನೇ ಉಸಿರಾಡಿದವಳ ಗತಿ ಏನಾಯಿತೆಂದು ಕೇಳಲಿಲ್ಲ. ಬಿಲ್ಲು ಮಾಡಿ ಕಳಿಸಿದೆ.

ಸಾಹುಕಾರರು ಕೆಟ್ಟವರಲ್ಲ, ವ್ಯಾಪಾರದವರು. “ಬಾಯಾರು ದೊಡ್ಡ ಮನಸಿನವರು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಮಂದಿ ಅಂಜತಾರ್ರೀ. ಇನ್ನ ಮ್ಯಾಲೆ ಹೂವು ಬ್ಯಾರೆ ಕಡೆಯಿಂದ ತರಸೋಣು,” ಎಂದರು. ಇಂತಹ ಮಾತನ್ನು ಬಾಯಮ್ಮನವರಿಗೆ ಮುಟ್ಟಿಸುವ ಪುಣ್ಯಕಾರ್ಯ ನನ್ನ ಪಾಲಿಗೇ ಬಂತು. ಕೇಳಿ ಅವರು, “ಒಳ್ಳೇದಾಯ್ತು, ಈರುಳ್ಳಿ ಪಕ್ಕ ಇಡ್ಲಿಕ್ಕೆ ಇನ್ನು ಅವರಿಗೆ ಧೈರ್ಯ ಬರ್ತದೆ,” ಎಂದಷ್ಟೇ ಹೇಳಿದರು.

ಕೌಂಟಿಯವರು ಬಂದರು, ಫ್ಯಾನು ನೋಡಿದರು, ಪರದೆ ನೋಡಿದರು, ಚೀಲದಲ್ಲಿದ್ದ ಬಟ್ಟೆ ಒಯ್ದರು. ದಂಡ ಹಾಕಿದರು, ಬಾಯಮ್ಮ ಕಟ್ಟಿದರು. ಅದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಅವರನ್ನು ಕಾಡಿದ್ದು ಲೂಪೆಯ ಕೆಮ್ಮು. ಮುಖದ ಉರಿ ವಾಸಿಯಾಯಿತು, ಕೆಮ್ಮು ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ಶೂರೆನ್ಸಿನವರು ಅದು ಮೊದಲೇ ಇದ್ದ ಉಬ್ಬಸ, ಅವಳ ಊರಿನ ಸೌದೆ ಒಲೆಯ ಹೊಗೆಯದು ಎಂದು ಸಾಧಿಸಿದರು. ಆಸ್ಪತ್ರೆಯ ಖರ್ಚು ಕೊಡಲಿಲ್ಲ, ರಜೆಯ ಸಂಬಳವೂ ಇಲ್ಲ. ಅಷ್ಟರಲ್ಲಿ ಲೂಪೆ ಭಯಕ್ಕೆ ಮನೆ ಬಿಟ್ಟು ಬೇರೆ ಯಾರದೋ ಗ್ಯಾರೇಜಿನಲ್ಲಿ ಮಲಗುತ್ತಿದ್ದಳೆಂದು ಸುದ್ದಿ ಬಂತು. ಯಾರೂ ಅವಳನ್ನು ಹುಡುಕಿಕೊಂಡು ಬರಲಿಲ್ಲ, ಆದರೆ ಬರುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಕಾನೂನು ಪುಸ್ತಕದಲ್ಲಿದೆ, ಬಾಗಿಲು ತಟ್ಟುವವರು ಪುಸ್ತಕ ತೋರಿಸಿ ತಟ್ಟುತ್ತಾರೆಯೇ. ಬಾಯಮ್ಮ ಮಾಡಿದ್ದು ಸರಿಯೇ ಎಂದು ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ ನಾನು ಉತ್ತರ ಹೇಳುತ್ತಿರಲಿಲ್ಲ. ಇವತ್ತೂ ಪೂರಾ ಧೈರ್ಯದಿಂದ ಹೇಳಲಾರೆ.

ಅವರೇ ಒಮ್ಮೆ ಕೇಳಿದರು, ಹೂ ಕಟ್ಟುತ್ತಾ, ತಲೆ ಎತ್ತದೆ. “ಅವಳ ಬಾಯಿಯ ಮಾತನ್ನು ನಾನು ಕಿತ್ಕೊಂಡೆನಾ ಮಾರಾಯ್ತಿ?” ನಾನು ಮೊಗ್ಗಿನ ಬುಟ್ಟಿಯನ್ನು ಅವರ ಹತ್ತಿರ ಸರಿಸಿದೆ. “ಬರೆಯದೆ ಇದ್ದಿದ್ರೆ ಈ ಕೆಮ್ಮು ಬರೀ ಅವಳದ್ದು ಆಗ್ತಿತ್ತು. ಈಗ ನನ್ನದೂ ಹೌದು,” ಎಂದರು. ಹೇಳುವಾಗ ಅವರಿಗೇ ಕೆಮ್ಮು ಬಂತು. ಆ ಬೆಳಗ್ಗೆ ಅದೇ ಗಾಳಿಯಲ್ಲಿ ಅವರೂ ಇದ್ದರು ಎಂಬುದು ನನಗೆ ಆಗ ಹೊಳೆಯಿತು. ಡಾಕ್ಟರಿಗೆ ತೋರಿಸಿ ಎಂದು ಗಂಟುಬಿದ್ದೆ.

“ನಾನು ಯಜಮಾನ್ತಿ ಅಲ್ವಾ. ಪಾಲಿಸಿಯಲ್ಲಿ ನನ್ನ ಹೆಸರಿಲ್ಲ. ಯಜಮಾನ್ತಿಗೆ ಯಾರು ಪರಿಹಾರ ಕೊಡ್ತಾರೆ?”

“ಪರಿಹಾರ ಬೇಡ, ಬರೆಸಿಯಾದ್ರೂ ಬರೆಸಿ.”

“ಮೊದ್ಲು ಅವಳದ್ದು ಆಗ್ಲಿ.”

ಲೂಪೆಯ ವಿಚಾರಣೆ ಸ್ಯಾನ್ ಹೋಸೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಡೆಯಿತು. ಯಾರೋ ಪುಣ್ಯಾತ್ಮರು ಅವಳಿಗೆ ವಕೀಲರನ್ನು ಹಿಡಿದುಕೊಟ್ಟಿದ್ದರು. ಬಾಯಮ್ಮನವರನ್ನು ನಾನೇ ಕರೆದುಕೊಂಡು ಹೋದೆ. ಇಗರ್ಜಿಗೆ ಹೋಗುವ ಸೀರೆ ಉಟ್ಟಿದ್ದರು. ಇನ್ಶೂರೆನ್ಸಿನ ವಕೀಲ ಲೆಕ್ಕಕ್ಕೆ ಬಾಯಮ್ಮನವರ ಕಡೆಯವನೇ. ಒಳಗೆ ಹೋಗುವ ಮುಂಚೆ ಅವರ ಕಿವಿಯಲ್ಲಿ, ಕೇಳಿದ್ದಕ್ಕೆ ಮಾತ್ರ ಹೌದು ಅಲ್ಲ ಎಂದರೆ ಸಾಕು ಎಂದು ಹೇಳಿಕೊಟ್ಟ. ಬಾಯಮ್ಮ ಹೌದು ಎಂದರು.

ಒಳಗೆ ಅವನು, ಲೂಪೆಗೆ ಮೊದಲೇ ಕೆಮ್ಮು ಇತ್ತಲ್ಲವೇ ಎಂದು ಕೇಳಿದ.

“ಇಲ್ಲ. ನನಗಿಂತ ಜೋರಾಗಿ ಹಾಡ್ತಿದ್ಲು,” ಎಂದರು. ಕೇಳದೆ ಇದ್ದದ್ದನ್ನೂ ಮುಂದುವರಿಸಿ ಹೇಳಿದರು. ಮೊಗ್ಗು ಬಿರಿಯಬಾರದೆಂದು ಕಿಟಕಿ ಮುಚ್ಚಿದ್ದು, ಫ್ಯಾನು ಹಾಕಿದ್ದು, ಪರದೆ ಉಬ್ಬಿದ್ದು. “ಮಲ್ಲಿಗೆಗೆ ಮದ್ದು ಹೊಡೆಯುವುದಿಲ್ಲ ಎಂಬ ಹೆಮ್ಮೆ ನನಗೆ. ಆ ಹೆಮ್ಮೆಯಲ್ಲಿ ಗಾಳಿ ಎಲ್ಲಿಂದ ಬರ್ತದೆ ಅಂತ ನೋಡ್ಲಿಲ್ಲ.”

ನ್ಯಾಯಾಧೀಶರು ಹೆಂಗಸು, ಕನ್ನಡಕ ಕೆಳಗಿಳಿಸಿ ಇವರನ್ನು ನೋಡಿದರು. ನೀವು ಇಲ್ಲಿ ಯಾರ ಪರವಾಗಿ ಮಾತಾಡುತ್ತಿದ್ದೀರಿ ಗೊತ್ತೇ ಎಂದು ಕೇಳಿದರು. ಗೊತ್ತು ಎಂದರು ಬಾಯಮ್ಮ. ಎದುರಿನ ಸಾಲಿನಲ್ಲಿ ಲೂಪೆ ತನ್ನ ಚಪ್ಪಲಿ ನೋಡಿಕೊಂಡು ಕೂತಿದ್ದಳು.

ಚಿಕಿತ್ಸೆಯ ಖರ್ಚು ಕೊಡಬೇಕೆಂದು ತೀರ್ಪಾಯಿತು, ಸಂಬಳದಲ್ಲೂ ಒಂದಿಷ್ಟು. ಕೆಮ್ಮು ಹೋಗಲಿಲ್ಲ, ಅದಕ್ಕೆ ಯಾವ ತೀರ್ಪೂ ಇಲ್ಲ. ಹೊರಗೆ ಪಾರ್ಕಿಂಗಿನಲ್ಲಿ ಲೂಪೆ ನಮ್ಮ ಪಕ್ಕದಲ್ಲೇ ಹಾದು ಹೋದಳು, ತಲೆ ತಿರುಗಿಸಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ಮಾಡಿದವರಿಗೆ ಒಂದು ಮಾತಾದರೂ ಬೇಡವೇ ಎಂದೆ.

“ಸಿಟ್ಟು ಮಾಡ್ಲಿ ಬಿಡು,” ಎಂದರು ಬಾಯಮ್ಮ, ಸೀಟ್‌ಬೆಲ್ಟ್ ಹುಡುಕುತ್ತಾ. “ಸಿಟ್ಟು ಮಾಡುವಷ್ಟಾದ್ರೂ ಉಸಿರು ಉಂಟಲ್ಲ ಅವಳಿಗೆ.” ಫ್ರೀವೇ ಸೇರುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಳುತ್ತಿದ್ದರು ಎಂದು ಕಾಣುತ್ತದೆ. ನಾನು ರೇಡಿಯೋ ಹಾಕಿದೆ.

ಆಮೇಲೆ ಅವರು ಕರಿಬೇವು ಬಿಟ್ಟರು. ಗಿಡಗಳನ್ನು ಕೌಂಟಿಯವರ ಎದುರಿಗೇ ನಾಶ ಮಾಡಿಸಿದರು. ಮಲ್ಲಿಗೆ ಮಾತ್ರ ಸ್ವಲ್ಪ ಉಳಿಸಿಕೊಂಡು, ಎಲ್ಲ ಕಿಟಕಿ ತೆರೆದಿಟ್ಟು ಬೆಳೆಸುತ್ತಿದ್ದರು. ಅರ್ಧ ಹೂವು ಗಿಡದಲ್ಲೇ ಬಿರಿಯುತ್ತಿತ್ತು, ಬಿರಿಯಲಿ ಎನ್ನುತ್ತಿದ್ದರು. ಶುಕ್ರವಾರ ನಮ್ಮ ಅಪಾರ್ಟ್‌ಮೆಂಟಿಗೆ ಕಟ್ಟಿ ಸುತ್ತಿದ ಮಲ್ಲಿಗೆಯ ಒಂದು ಚೆಂಡು ತಂದು, ನನ್ನ ಮಗಳಿಗೆ ಮುಡಿಸಿ ಹೋಗುತ್ತಿದ್ದರು. ಅವಳು “ಥ್ಯಾಂಕ್ಸ್ ಆಂಟಿ, ಇಟ್ಸ್ ಸೋ ಪ್ರಿಟಿ,” ಎಂದರೆ, “ಎಂತ ಪ್ರಿಟಿ, ಬಿರಿದ ಹೂವು,” ಎನ್ನುತ್ತಿದ್ದರು. ಮಹಡಿ ಹತ್ತಿ ಬಂದರೆ ಮಾತಾಡಲು ಅವರಿಗೆ ಹೊತ್ತು ಬೇಕಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಶುಕ್ರವಾರ ಬರುವುದು ನಿಂತಿತು. ನಾನೇ ಹೋಗತೊಡಗಿದೆ.

ಆಸ್ಪತ್ರೆಗೆ ಸೇರಿಸಿದಾಗ ಅವರ ಶ್ವಾಸಕೋಶ ತೆಂಗಿನ ಗುಂಜಿನ ಹಾಗೆ, ಒಣಗಿದ ನಾರಿನ ಹಾಗೆ ಗಟ್ಟಿಯಾಗಿದೆ ಎಂದು ಮಗ ಫೋನಿನಲ್ಲಿ ಹೇಳಿದ. ಇಂಗ್ಲಿಷಿನಲ್ಲೇ ಹೇಳಿದ್ದು, ತೆಂಗಿನ ಗುಂಜು ಅವನ ಅಮ್ಮನದೇ ಮಾತಿರಬೇಕು. ನಾನು ಹೋದ ಸಂಜೆ ಮೂಗಿಗೆ ಆಮ್ಲಜನಕದ ಕೊಳವೆ, ಕಣ್ಣು ಅರೆಮುಚ್ಚಿತ್ತು. ಡಾಕ್ಟರು ಬಂದರು, ನಿಧಾನಸ್ಥರು. ವಯಸ್ಸಾಗಿದೆ, ಶುಗರ್ ಇದೆ, ಹೀಗಾಗುವುದುಂಟು ಎಂದು ಮಗನಿಗೆ ವಿವರಿಸಿದರು. ಅವನು ತಲೆಯಾಡಿಸುತ್ತಿದ್ದ. ಯಾರೂ ಅವರ ಕೆಲಸ ಏನಿತ್ತೆಂದು ಕೇಳಲಿಲ್ಲ.

ಬಾಯಮ್ಮನವರ ಕೈ ಹೊದಿಕೆಯ ಮೇಲಿತ್ತು. ಸೀಳು ಉಗುರಿನಲ್ಲಿ ಹಸಿರು ಇನ್ನೂ ಇತ್ತು. ಅದನ್ನು ನೋಡುತ್ತಿದ್ದ ಹಾಗೆ ನನ್ನ ಬಾಯಿಂದ ಮಾತು ಹೊರಟಿತು.

“ಡಾಕ್ಟ್ರೇ, ಇವರು ಗ್ರೀನ್‌ಹೌಸಿನಲ್ಲಿ ಕೆಲಸ ಮಾಡಿದವರು. ವರ್ಷಗಟ್ಟಲೆ. ಅಲ್ಲಿ ಸ್ಪ್ರೇ ಹೊಡೀತಿದ್ರು. ಒಮ್ಮೆ ಅದೇ ಗಾಳಿಯಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಆಗಿನಿಂದ ಕೆಮ್ಮು. ಬರೆಯಿರಿ.”

ಅವರು ನನ್ನನ್ನು ನೋಡಿದರು. “ಅದರಿಂದಲೇ ಎಂದು ಹೇಳುವುದು ಕಷ್ಟ.”

“ಖಾತ್ರಿ ಬೇಡ. ಸಂಶಯ ಸಾಕಲ್ವಾ?”

ಮಗ ಮೆಲ್ಲಗೆ ನನ್ನ ತೋಳು ಮುಟ್ಟಿದ. ಆಂಟಿ, ಈಗ ಅದರಿಂದ ಏನು ಪ್ರಯೋಜನ, ಪರಿಹಾರವೂ ಸಿಗುವುದಿಲ್ಲ ಎಂದ. ಅವನು ಹೇಳಿದ್ದು ನಿಜ. ಒಂದು ಪೈಸೆಯೂ ಬರುವುದಿಲ್ಲ, ಶ್ವಾಸಕೋಶವೂ ಬರುವುದಿಲ್ಲ. ನಿನ್ನ ಅಮ್ಮ ಶುಗರಿನಿಂದ ಹೋದರು ಎಂದಾಗಬಾರದು ಕಂದಾ, ಎಂದೆ. ಅವನಿಗೆ ಕನ್ನಡ ಅರ್ಥವಾಗುತ್ತದೋ ಇಲ್ಲವೋ ಎಂದು ನನಗೆ ಯಾವತ್ತೂ ತಿಳಿದಿರಲಿಲ್ಲ. ಅಂದು ಅರ್ಥವಾಯಿತು. ಡಾಕ್ಟರ ಕಡೆ ತಿರುಗಿ, “ಪ್ಲೀಸ್ ರೈಟ್ ಇಟ್ ಡೌನ್,” ಎಂದ.

ಡಾಕ್ಟರು ಬರೆದುಕೊಂಡರು. ಆ ಹಸಿರುಮನೆ ಯಾವ ಕಡೆ, ಏನು ಹೊಡೆಯುತ್ತಿದ್ದರು ಎಂದು ನನ್ನನ್ನು ಕೇಳಿದರು, ಮರುದಿನ ಬೆಳಗ್ಗೆ ಕೌಂಟಿಗೆ ಫೋನು ಮಾಡಿದ್ದೇನೆಂದು ತಾವಾಗಿಯೇ ತಿಳಿಸಿದರು. ಬಾಯಮ್ಮನವರಿಗೆ ಇದೆಲ್ಲ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆ ವಾರ ಕಳೆಯುವುದರೊಳಗೆ ಹೋದರು.

ಇಗರ್ಜಿಯಲ್ಲಿ ಜನ ತುಂಬಿದ್ದರು. ನಮ್ಮ ಸಾಹುಕಾರರು ಕೋಟು ಹಾಕಿಕೊಂಡು ಬಂದು, ಹೂವಿನ ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತಬ್ಬಿಕೊಂಡೇ ನಿಂತಿದ್ದರು. ಪಾದ್ರಿಗಳು ಪೆಟ್ಟಿಗೆಯ ಸುತ್ತ ಧೂಪ ಹಾಕಿದರು. ಹೊಗೆ ಹಿಂದಿನ ಸಾಲಿಗೆ ಬಂದಾಗ ಅಲ್ಲಿಂದ ಕೆಮ್ಮು ಕೇಳಿಸಿತು. ನಾನು ಆ ಕೆಮ್ಮನ್ನು ವಿಚಾರಣೆಯ ದಿನ ಕೇಳಿದ್ದೆ. ತಿರುಗಿ ನೋಡಿದರೆ ಕಪ್ಪು ಶಾಲು ಹೊದ್ದ ಲೂಪೆ, ಮೊದಲಿಗಿಂತ ಸಣ್ಣಗಾಗಿದ್ದಳು. ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ. ಅವಳೇ ನನ್ನ ಕಡೆ ಬಾಗಿದಳು. ಅಂಗಡಿಯಲ್ಲಿ ಕಲಿತ ನನ್ನ ಅರೆಬರೆ ಸ್ಪ್ಯಾನಿಷಿಗೂ ತಿಳಿಯುವ ಹಾಗೆ ನಿಧಾನವಾಗಿ ಕೇಳಿದಳು.

“ಅವರದ್ದನ್ನು ಬರೆದರಾ?”

“ಬರೆದರು,” ಎಂದೆ. “ಫೋನೂ ಮಾಡಿದರು.”

“ಯಾರು ಹೇಳಿದ್ದು?”

“ನಾನು.”

ಅವಳು ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಧೂಪದ ಹೊಗೆ ಮತ್ತೆ ನಮ್ಮ ಕಡೆ ಬಂತು, ಅವಳಿಗೆ ಕೆಮ್ಮು ಒತ್ತಿಕೊಂಡು ಬಂದು ಉಸಿರು ಕಟ್ಟಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಕೈ ಬಿಡದೆ, “ಭಾಯ್ರ್,” ಎಂದಳು. ನಾವಿಬ್ಬರೂ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು.